ಅಮಿಹಾನ್‌ಗೆ ಈಜು ಶಿಬಿರದಲ್ಲಿ ಸೀಟು

ಏಪ್ರಿಲ್ 25, ಶುಕ್ರವಾರ

ಸೀಟು ಸಿಕ್ಕಿತು. ಆದರೂ ಸಿಟ್ಟು ಇಳಿದಿಲ್ಲ.

ಸಕ್ಕರೆ ಕಾಯಿಲೆಯ ಮಗು ಎಂದೊಡನೆ ಮನಿಲಾದ ಮೂರು ಬೇಸಿಗೆ ಶಿಬಿರಗಳು ನನ್ನ ಮಗಳು ಅಮಿಹಾನ್‌ಳನ್ನು ಬೇಡವೆಂದಿದ್ದವು. ಇವತ್ತು ನಾಲ್ಕನೆಯದು, ಈಜಿನದು. ಮೇಜಿನ ಹಿಂದಿದ್ದ ಸೊಲೆದಾದ್ ಮೇಡಂ ಅರ್ಜಿಯನ್ನು ನನ್ನ ಕಡೆಗೇ ತಳ್ಳಿದರು.

"ಮಧ್ಯಾಹ್ನ ಇನ್ಸುಲಿನ್ ಯಾರಮ್ಮ ಕೊಡ್ತಾರೆ? ನಮ್ಮ ಕೋಚ್‌ಗಳಿಗೆ ಅದೆಲ್ಲ ಬರಲ್ಲ."

"ಅವಳೇ ತಗೋತಾಳೆ."

"ಒಂಬತ್ತು ವರ್ಷದ ಮಗು? ತಮಾಷೆ ಮಾಡ್ಬೇಡಿ."

ಅಷ್ಟರಲ್ಲಿ ಹನ್ನೆರಡಾಗಿತ್ತು. ಅಮಿಹಾನ್ ಅದೇ ಮೇಜಿನ ಮೇಲೆ ತನ್ನ ಚೀಲ ಬಿಚ್ಚಿದಳು. ಬೆರಳು ಚುಚ್ಚಿ ಸಕ್ಕರೆ ನೋಡಿಕೊಂಡಳು. ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಹಾಕಿಕೊಂಡು ಹತ್ತರವರೆಗೆ ಎಣಿಸಿದಳು. ಆಮೇಲೆ ಅನ್ನ, ಒಣಮೀನಿನ ಡಬ್ಬಿ ತೆಗೆದು ಕೇಳಿದಳು, "ಮೇಡಂ, ಇಲ್ಲೇ ಊಟ ಮಾಡ್ಲಾ?"

ಮೇಡಂ ಅರ್ಜಿಯನ್ನು ವಾಪಸು ಎಳೆದುಕೊಂಡು ಮೊಹರು ಒತ್ತಿದರು. "ಸೋಮವಾರದಿಂದ ಕಳಿಸಿ."

ಬರುವಾಗ ಜೀಪ್ನಿ ಬಸ್ಸಿನಲ್ಲಿ ಕೇಳಿದೆ, "ಭಯ ಆಯ್ತೇನೇ?"

"ನನಗಿಲ್ಲಮ್ಮ. ಅವರಿಗೇ ಆಯ್ತು, ನೋಡ್ಲಿಲ್ವಾ?"

ನಕ್ಕುಬಿಟ್ಟೆ. ಆದರೆ ಉಳಿದ ಮಕ್ಕಳು ಹೆಸರು ಹೇಳಿದರೆ ಸಾಕಾಗುವ ಕಡೆ ನನ್ನ ಮಗಳು ಹೊಟ್ಟೆ ತೋರಿಸಬೇಕಾಯಿತು. ಅದನ್ನು ನುಂಗಿಕೊಳ್ಳಲಾಗುತ್ತಿಲ್ಲ.

ನಾಳೆ ಆ ಮೂರೂ ಶಿಬಿರಗಳಿಗೆ ಒಬ್ಬಳೇ ಹೋಗುತ್ತೇನೆ. ಸೀಟು ಕೇಳುವುದಕ್ಕಲ್ಲ. ಯಾಕೆ ಬೇಡವೆಂದಿರಿ, ಕಾಗದದ ಮೇಲೆ ಬರೆದು ಸಹಿ ಹಾಕಿ ಕೊಡಿ ಎನ್ನುತ್ತೇನೆ. ಕೊಡುವವರೆಗೆ ಕುರ್ಚಿ ಬಿಟ್ಟು ಏಳುವುದಿಲ್ಲ. ಬಾಗಿಲು ಹಾಕುವ ಹೊತ್ತಾದರೆ ಆಗಲಿ.