ಹಳ್ಳ ದಾಟಿಸಿದವಳು

೧೨ ಅಕ್ಟೋಬರ್ ೨೦೨೫, ಭಾನುವಾರ
(ಈ ಜಾಗದ ಹೆಸರು ಬರೆಯುವಂತಿಲ್ಲ)

ಪ್ರೀತಿಯ ಬೃಂದಾ,

ನಾನು ಕ್ಯಾಪ್ಟನ್ ಆದೆನೆಂದು ನೀನು ಕಳಿಸಿದ ಕೊಬ್ಬರಿ ಮಿಠಾಯಿ ತಲುಪಿತು. ನಮ್ಮ ತುಕಡಿಯವರೆಲ್ಲ ತಿಂದರು. ನಾನು ಮಾತ್ರ ಒಂದು ತುಂಡನ್ನೂ ಮುಟ್ಟಲಿಲ್ಲ. ಸೈನ್ಯದ ಸಂದರ್ಶನಕ್ಕೆ ನಿನಗೆ ಎರಡನೇ ಸಲ ಕರೆ ಬಂದಿದೆಯೆಂದೂ, "ಈ ಸಲ ಅವರ ಮುಂದೆ ಏನು ಹೇಳ್ಲಿ ಕಣೇ, ನೀನೇ ಹೇಳ್ಕೊಡು" ಎಂದೂ ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದೀಯ. ಫೋನು ಮಾಡಬಹುದಿತ್ತು. ಮಾಡಿದರೆ ನಾನು ಅರ್ಧ ಹೇಳುವಷ್ಟರಲ್ಲಿ ನೀನು "ಬಿಡೇ, ಹೋಗ್ಲಿ" ಅಂದುಬಿಡುತ್ತೀಯ. ಆ ಮಾತು ಕೇಳಲು ನನಗೆ ತುಂಬಾ ಆಸೆಯಿದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಾವು ಬಿ.ಇ. ಮುಗಿಸಿದ ವರ್ಷದ ನವೆಂಬರ್ ನೆನಪಿದೆಯಲ್ಲ. ನಾನು ಪಂಚನಹಳ್ಳಿಯಿಂದ ಅಜ್ಜಂಪುರದ ಪಕ್ಕದ ನಿಮ್ಮೂರಿಗೆ ಬಂದು ಮೂರು ದಿನವಾಗಿತ್ತು. ಇಬ್ಬರೂ ಕೂತು ಸೈನ್ಯದ ಇಂಜಿನಿಯರ್ ಅಧಿಕಾರಿ ಹುದ್ದೆಗೆ ಅರ್ಜಿ ತುಂಬುತ್ತಿದ್ದೆವು. ಮರುದಿನ ಬೆಳಗಾಗುವಷ್ಟರಲ್ಲಿ ಮಳೆಗೆ ಹಳ್ಳದ ಮೇಲಿನ ಮೋರಿ ಕೊಚ್ಚಿಹೋಗಿತ್ತು. ನಿಮ್ಮೂರ ಕರಿಯಣ್ಣನ ಸೊಸೆಗೆ ಹೆರಿಗೆ ನೋವು ಶುರುವಾಗಿತ್ತು, ಆಂಬುಲೆನ್ಸ್ ಆಚೆ ದಡದಲ್ಲಿ ನಿಂತಿತ್ತು. ಊರವರು ಬರೀ ಕೂಗಾಡುತ್ತಿದ್ದರು. ನೀನು ಬಾವಿ ಹಗ್ಗಕ್ಕೆ ಕಲ್ಲು ಕಟ್ಟಿ ಆಚೆಯವರ ಕಡೆಗೆ ಎಸೆದು ಅಗಲ ಅಳೆದೆ. ಗಾಳಿಗೆ ಬಿದ್ದಿದ್ದ ಎರಡು ತೆಂಗಿನ ಮರಗಳನ್ನು ಟ್ರ್ಯಾಕ್ಟರಿನಲ್ಲಿ ತರಿಸಿ, ತುದಿಗೆ ಅದೇ ಹಗ್ಗ ಬಿಗಿದು ಆಚೆಯವರಿಂದ ಎಳೆಸಿದೆ. ಕೊಟ್ಟಿಗೆಯ ಬಾಗಿಲು ಕೀಳಿಸಿ ಮೇಲೆ ಹಾಸಿದೆ. "ಮೊದ್ಲು ನಾನು ಹೋಗ್ತೀನಿ, ಮುರುದ್ರೆ ನಾನೊಬ್ಳೇ ಬೀಳ್ತೀನಿ" ಎಂದು ನೀನು ದಾಟಿ ವಾಪಸು ಬಂದೆ. ಆಮೇಲೆ ಆ ಬಸುರಿಯ ಎರಡೂ ಕೈ ಹಿಡಿದು, ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ ದಾಟಿಸಿದೆ.

ನಾನು ಅವಳ ಬಟ್ಟೆಯ ಚೀಲ ಹಿಡಿದು ಈಚೆ ನಿಂತಿದ್ದೆ. ತಾ ಎಂದು ನೀನು ಕರೆದಾಗಲೂ ನಾನು ಮರದ ಮೇಲೆ ಕಾಲಿಡಲಿಲ್ಲ. ನೀನೇ ಬಂದು ತೆಗೆದುಕೊಂಡು ಹೋದೆ.

ಸಂದರ್ಶನದ ಕರೆ ಮೊದಲು ಬಂದದ್ದು ನನಗೆ. ಕಷ್ಟದ ಹೊತ್ತಿನಲ್ಲಿ ಜನರನ್ನು ಮುನ್ನಡೆಸಿದ್ದುಂಟೇ ಎಂದು ಅಧಿಕಾರಿ ಕೇಳಿದರು. ನನ್ನ ಬದುಕಿನಲ್ಲಿ ಅಂಥದ್ದೇನೂ ಇರಲಿಲ್ಲ. ನಾನು ಹಳ್ಳದ ಕಥೆ ಹೇಳಿದೆ ಬೃಂದಾ. ಹಗ್ಗ ಎಸೆದವಳು ನಾನು, ಮರ ಎಳೆಸಿದವಳು ನಾನು, ಮೊದಲು ದಾಟಿದವಳು ನಾನು ಎಂದು ಹೇಳಿದೆ. ಅವರು ತಲೆದೂಗುತ್ತಾ ಬರೆದುಕೊಂಡರು.

ಇದಕ್ಕಿಂತ ಕೆಟ್ಟದ್ದು ಇನ್ನೂ ಇದೆ. ಎರಡು ತಿಂಗಳ ಮೇಲೆ ನಿನಗೂ ಕರೆ ಬಂತು. ಕಡೂರು ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಾ "ಹಳ್ಳದ್ದು ಹೇಳ್ಲೇನೇ?" ಎಂದು ನೀನು ಕೇಳಿದೆ. ನಾನು ನಕ್ಕುಬಿಟ್ಟೆ. "ತೆಂಗಿನ ಮರ ಅಡ್ಡ ಹಾಕಿದ್ದೆಲ್ಲ ಅವ್ರಿಗ್ಯಾಕೆ ಹೇಳ್ತೀಯ, ಹಳ್ಳಿ ಗುಗ್ಗು ಅಂದ್ಕೋತಾರೆ" ಎಂದೆ. ಒಂದೇ ಕಥೆ ಇಬ್ಬರ ಬಾಯಲ್ಲೂ ಬಂದರೆ ನನ್ನ ಆಯ್ಕೆ ಹೋಗುತ್ತದೆಂಬ ಭಯವೊಂದೇ ಆಗ ನನ್ನ ತಲೆಯಲ್ಲಿದ್ದದ್ದು. ನೀನು ಆಯ್ಕೆಯಾಗದೆ ವಾಪಸು ಬಂದು, "ಮಾತೇ ಬರ್ಲಿಲ್ಲ ಕಣೇ, ನಾನೇನು ಮಾಡಿದ್ದೀನಿ ಅಂತ ಹೇಳ್ಲಿ" ಎಂದೆ. ನಾನು ನಿನ್ನ ಹೆಗಲ ಮೇಲೆ ಕೈ ಹಾಕಿ ಸಮಾಧಾನ ಮಾಡಿದೆ. ಆವತ್ತಿನಿಂದ ನೀನು ತರೀಕೆರೆಯಲ್ಲಿ ಕಂಟ್ರಾಕ್ಟರರೊಬ್ಬರ ಕೈಕೆಳಗೆ ಚರಂಡಿ ಕೆಲಸ ನೋಡಿಕೊಂಡಿದ್ದೀಯ.

ಚೆನ್ನೈನ ತರಬೇತಿಯಲ್ಲಿ ಬೆನ್ನಿಗೆ ಹೊರೆ ಕಟ್ಟಿಕೊಂಡು ಓಡಿದೆ. ಪುಣೆಯಲ್ಲಿ ಸೇತುವೆ ಕಟ್ಟುವುದನ್ನು ಕಲಿತೆ. ಈ ಬೆವರು ನನ್ನದೇ, ಇದನ್ನು ಯಾರಿಂದಲೂ ಕದ್ದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಇಲ್ಲಿ ಬೆಟ್ಟದ ತೊರೆ ಉಕ್ಕಿ ಕಾಲುಸೇತುವೆ ಹೋಯಿತು. ನಮ್ಮ ಹನ್ನೊಂದು ಜನ ಆಚೆ ಸಿಕ್ಕಿಕೊಂಡರು. ಹೊಸ ಸೇತುವೆಯ ನಕ್ಷೆ ನನ್ನದು, ಆದರೆ ಮೊದಲ ತೊಲೆಯೇ ಜಾರಿತು. ನಾನು ಮರಗಟ್ಟಿ ನಿಂತೆ. ನಮ್ಮ ಸುಬೇದಾರರು, ಇಪ್ಪತ್ತೈದು ವರ್ಷ ಸರ್ವಿಸ್ ಆದವರು, ನೀರಿಗಿಳಿದು ಬುಡದ ಕಲ್ಲು ಸರಿಪಡಿಸಿ ತೊಲೆ ಕೂರಿಸಿದರು. ಸಂಜೆ ಕರ್ನಲ್ ಸಾಹೇಬರು ಎಲ್ಲರೆದುರು ನನ್ನನ್ನು ಹೊಗಳಿದರು. ಸುಬೇದಾರರು ಬೂಟಿನ ನೀರು ಚೆಲ್ಲುತ್ತಾ ಕೂತಿದ್ದರು, ತಲೆ ಎತ್ತಲಿಲ್ಲ. "ಸರ್, ನಾನಲ್ಲ, ಅವರು ಮಾಡಿದ್ದು" ಎಂದೆ. ಹೇಳುವುದು ಅಷ್ಟು ಸುಲಭವಿತ್ತು. ನಿನ್ನ ವಿಷಯದಲ್ಲೂ ಅಷ್ಟೇ ಸುಲಭವಿತ್ತು.

ವಯಸ್ಸು ಇಪ್ಪತ್ತೇಳು ದಾಟಿದರೆ ನಿನಗೆ ಮತ್ತೆ ಅವಕಾಶವಿಲ್ಲ. ಈ ಸಲ ಹಳ್ಳದ ಕಥೆಯನ್ನೇ ಹೇಳು. ಇದನ್ನು ಮೊದಲೇ ಯಾರೋ ಹೇಳಿದ್ದಾರೆಂದು ಅವರು ಅಂದರೆ ಈ ಕಾಗದ ತೋರಿಸು. ನನ್ನ ಪೂರ್ತಿ ಹೆಸರು ಕೆಳಗಿದೆ. ಆಮೇಲೆ ನನ್ನ ಕೆಲಸ ಹೋದರೂ ಹೋಗಲಿ. ನೀನು ತೋರಿಸುವವಳಲ್ಲ ಎಂಬ ಧೈರ್ಯ ಒಳಗೆಲ್ಲೋ ಇದೆ. ಅದೂ ಮೋಸವೇ ಎಂದು ಗೊತ್ತು. ದಯವಿಟ್ಟು ತೋರಿಸು.

ನಿನ್ನ ಗೆಳತಿ ಎಂದು ಬರೆಯಲು ಸಂಕೋಚಪಡುತ್ತಾ,
ಕ್ಯಾಪ್ಟನ್ ಸ್ಫೂರ್ತಿ ಈರಭದ್ರಪ್ಪ
ಪಂಚನಹಳ್ಳಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಿರಲಿಲ್ಲ. ನೀವು ದಾಟಿಸಿದ ಬಸುರಿಯ ಹೆಸರೇನೆಂದು ಸಂದರ್ಶನದ ಆ ಅಧಿಕಾರಿ ಕೇಳಿದರು. ನನಗೆ ಗೊತ್ತಿರಲಿಲ್ಲ. ಆವತ್ತು ನಾನು ಯಾರನ್ನೂ ವಿಚಾರಿಸಿರಲೇ ಇಲ್ಲ. ಬಾಯಿಗೆ ಬಂದ ಹೆಸರು ಹೇಳಿದೆ. ಬೃಂದಾ ಎಂದೆ.