ವರ್ಕ್ ಆಫ್

೧೨ ಜನವರಿ, ಸೋಮವಾರ. ಸೈದಾಪುರ.

ಬೆಳಿಗ್ಗೆ ಮಗಳು ದಾನೇಶ್ವರಿ ಎರಡನೆಯ ರೊಟ್ಟಿಗೆ ಕೈ ಹಾಕಿದಾಗ ನಮ್ಮ ಯಜಮಾನರು, "ಸಾಕು ಬಿಡವ್ವಾ, ಮೈ ಭಾಳ ಬಂದದ" ಎಂದದ್ದು ನನ್ನನ್ನು ದಿನವೆಲ್ಲ ಚುಚ್ಚುತ್ತಿತ್ತು. ಅವಳು ತಾಟು ಸರಿಸಿ ಕಡೇಚೂರಿನ ಫ್ಯಾಕ್ಟರಿಗೆ ಹೋಗಿದ್ದಳು.

ಸಂಜೆ ಕಂಪನಿ ಬಸ್ ಬಂದರೂ ಅವಳು ಮನೆಗೆ ಬರಲಿಲ್ಲ. ಇವರ ಫೋನಿಗೆ ಒಂದೇ ಸಾಲು ಬಂತು: 'ವರ್ಕ್ ಆಫ್ ಮಾಡಾಕತ್ತೇನಿ.'

"ವರ್ಕ್ ಅಂದ್ರ ಕೆಲಸ, ಆಫ್ ಅಂದ್ರ ಬಂದ್. ನನ್ನ ಒಂದ್ ಮಾತಿಗೆ ನೌಕರೀನೇ ಬಿಟ್ಟಳೇನ?" ಇವರು ಆ ಸಾಲನ್ನು ಮತ್ತೆ ಮತ್ತೆ ಓದಿದರು. ಆ ಕೆಲಸ ಸಿಕ್ಕಿ ಇನ್ನೂ ತಿಂಗಳಾಗಿಲ್ಲ. ನನಗೂ ಹೆದರಿಕೆಯಾಯಿತು.

ಕತ್ತಲಾಗುವಾಗ ಬೆವೆತು ಬಂದಳು. ಶಾಲೆಯ ಮೈದಾನ ಸುತ್ತುತ್ತಿದ್ದಳಂತೆ. ನೌಕರಿ ಯಾಕ ಬಿಟ್ಟಿ ಎಂದು ಅಪ್ಪ ಕೇಳಿದ್ದೇ ನಕ್ಕುಬಿಟ್ಟಳು.

"ಅಪ್ಪಾ, ನೌಕರಿ ಬಿಟ್ಟಿಲ್ಲ, ಸಿಟ್ಟು ಬಿಟ್ಟೀನಿ. ವರ್ಕ್ ಆಫ್ ಅಂದ್ರ ಮೈ ದಣಿಸಿ ಇಳಸೋದು."

"ಏನು, ತೂಕಾನೋ ಸಿಟ್ಟೋ?"

"ನೀ ಹಿಂಗ ಮಾತಾಡಿದ್ರ ಎರಡೂ ಇಳಸಬೇಕಾಗ್ತದ!"

ಜ್ವರ, ತೂಕ, ಸಿಟ್ಟು, ಬಿಸಿಲು, ಎಲ್ಲಕ್ಕೂ ನಮ್ಮಲ್ಲಿ ಇಳಿಯುವುದೆಂಬ ಒಂದೇ ಮಾತು. ಇಷ್ಟು ವರ್ಷ ಕವಿತೆ ಓದಿಯೂ ನಾನಿದನ್ನು ಗಮನಿಸಿರಲಿಲ್ಲ.

ನಾಳೆ ಇವರೂ ಅವಳ ಜೊತೆ ಮೈದಾನಕ್ಕೆ ಹೋಗುತ್ತಾರಂತೆ. ಆಗಲೇ ಬೂಟು ಹುಡುಕುತ್ತಿದ್ದಾರೆ. ತಪ್ಪಾಯಿತೆಂದು ಹೇಳಲು ಬಾರದ ಮನುಷ್ಯ. ನನ್ನನ್ನೂ ಕರೆದರು. ಹೋದರೆ ನಾನು ಏನನ್ನು ಇಳಿಸಿ ಬರಲಿ, ಎಷ್ಟೊಂದಿದೆ...