ಕೀರ್ತನ್ ಅಡ್ಯಂತಾಯರು ಕೆಡಿಸಿದ ಕೆಂಪು ಕಾರು

ಮಂಗಳೂರು
೨೧೬೮ನೆಯ ಇಸವಿ, ಫೆಬ್ರವರಿ ೩೦

ಶ್ರೀ ಕೀರ್ತನ್ ಅಡ್ಯಂತಾಯರಿಗೆ,

ತಾರೀಕು ತಪ್ಪಿಲ್ಲ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡದ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕ್ಷಮೆ ಮಾತುಗಳಿಗೆ ಮಾತ್ರ, ಅವುಗಳ ಅರ್ಥಕ್ಕಲ್ಲ.

ನಾನು ಸುನೀತಿ ಕೊಟ್ಟಾರಿ. ಮೂವತ್ತೆಂಟು ವರ್ಷ ಹಳೆಯ ವಾಹನಗಳ ಪರೀಕ್ಷಕಿಯಾಗಿದ್ದು ಇಂದು ನಿವೃತ್ತಳಾಗುತ್ತಿದ್ದೇನೆ. ನಮ್ಮ ಇಲಾಖೆಯವರಿಗೆ ನಿವೃತ್ತಿಯ ದಿನ ಹಿಂದಿನ ಕಾಲಕ್ಕೆ ಒಂದು ಕಾಗದ ಕಳಿಸುವ ಹಕ್ಕುಂಟು. ಹೋದ ಕಾಗದದಿಂದ ಏನಾದರೂ ಬದಲಾಗುತ್ತದೆಯೇ ಎಂಬುದು ಯಾರಿಗೂ ತಿಳಿದಿಲ್ಲ. ಹೆಚ್ಚಿನವರು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟಿದೆ ಎಂಬುದನ್ನು ಇದರಿಂದಲೇ ಲೆಕ್ಕ ಹಾಕಿ.

ನಮ್ಮಲ್ಲಿ ಗಾಡಿಗಳು ತಾವಾಗಿಯೇ ಓಡುತ್ತವೆ. ಮನುಷ್ಯ ಚಕ್ರ ಹಿಡಿದು ಓಡಿಸಲು ಉಳಿದಿರುವುದು ಸುರತ್ಕಲ್ ಕಡೆಯ ಹನ್ನೆರಡು ಕಿಲೋಮೀಟರ್ ಮಾತ್ರ. ಅದನ್ನು ಹಳೆದಾರಿ ಎನ್ನುತ್ತೇವೆ. ಅಲ್ಲಿಗೆ ಇಳಿಯಬೇಕಾದರೆ ಗಾಡಿಗೆ ಮೂಲಪತ್ರ ಬೇಕು, ಅಂದರೆ ಅದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ ಎಂಬ ನಮ್ಮ ಬರಹ. ಪತ್ರವಿದ್ದರೆ ತಿಂಗಳಿಗೊಮ್ಮೆ ಪೆಟ್ರೋಲಿನ ಪಡಿ ಸಿಗುತ್ತದೆ, ಕಾರನ್ನು ಕೊಳ್ಳಲು ಊರೂರಿನಿಂದ ಜನ ಬರುತ್ತಾರೆ. ಪತ್ರವಿಲ್ಲದ ಕಾರಿಗೆ ಬರುವ ಬೆಲೆ ಅದರ ಹತ್ತರಲ್ಲೊಂದು ಪಾಲೂ ಇಲ್ಲ.

ಕಳೆದ ವರ್ಷ ಕದ್ರಿಯ ನಮ್ಮ ಪರೀಕ್ಷಾ ಅಂಗಳಕ್ಕೆ ವಾರಿಜಾ ಎಂಬ ಎಪ್ಪತ್ತನಾಲ್ಕರ ಹೆಂಗಸು ನಿಮ್ಮ ಕಾರನ್ನು ತಂದರು. ಅವರು ನಿಮ್ಮ ಮೊಮ್ಮಗಳ ಮಗಳು, ನೀರಿನ ಪಂಪು ರಿಪೇರಿ ಮಾಡಿ ಬದುಕಿದವರು. ಎಪ್ಪತ್ತೈದಕ್ಕೆ ಚಾಲನೆಯ ಲೈಸೆನ್ಸು ಮುಗಿಯುತ್ತದೆ. ಅದಕ್ಕೆ ಮೊದಲು ಒಮ್ಮೆಯಾದರೂ ಹಳೆದಾರಿಯಲ್ಲಿ ಈ ಕಾರು ಓಡಿಸಬೇಕೆಂದು ಮೂವತ್ತು ವರ್ಷದಿಂದ ಅದನ್ನು ಮೊದಲಿನಂತೆ ಮಾಡಲು ಹೆಣಗಿದ್ದರು.

ಕಾರಿನ ಮೈತುಂಬ ನೀವು ಅಂಟಿಸಿದ್ದ ಆ ನೇರಳೆ ಪ್ಲಾಸ್ಟಿಕ್ ಹಾಳೆಯನ್ನು ಅವರು ಬಿಸಿಗಾಳಿ ಹಾಯಿಸಿ ನಾಲ್ಕು ದಿನದಲ್ಲಿ ಸುಲಿದಿದ್ದರು. ಕೆಳಗೆ ೧೯೬೬ರ ಕೆಂಪು ಬಣ್ಣ ಹಾಗೆಯೇ ಇತ್ತು. ಕಳಚಬಹುದಾದದ್ದನ್ನು ನಾವು ದೋಷವೆಂದು ಹಿಡಿಯುವುದಿಲ್ಲ. ಆದರೆ ನೀವು ಕಡಿದಿರಿ. ಅಗಲ ಚಕ್ರ ತುರುಕಲು ನಾಲ್ಕೂ ಮಡ್‌ಗಾರ್ಡುಗಳನ್ನು ಗ್ರೈಂಡರಿನಿಂದ ಕೊಯ್ದಿರಿ. ಸ್ಪೀಕರಿಗಾಗಿ ಮರದ ಡ್ಯಾಶ್‌ಬೋರ್ಡಿಗೆ ಹಲಸಿನ ಹಣ್ಣಿನಷ್ಟು ತೂತು ಕೊರೆದಿರಿ. ಎಲ್ಲಕ್ಕಿಂತ ಮಿಗಿಲಾಗಿ, ಚಾಸಿಯ ನಂಬರಿಗೆ ಹೊಂದುವ ನಂಬರನ್ನು ಮೈಮೇಲೆ ಹೊತ್ತಿದ್ದ ಇಂಜಿನ್ನನ್ನು ಕಿತ್ತು ಗುಜರಿಗೆ ಹಾಕಿ, ಅದರ ಜಾಗದಲ್ಲಿ ಬೇರೊಂದನ್ನು ಕೂರಿಸಿದಿರಿ. ಅಂಥ ಕಾರುಗಳನ್ನು ಇಟಲಿಯ ಕಾರ್ಖಾನೆ ಮಾಡಿದ್ದೇ ನೂರಾ ಹತ್ತು. ಹಾಗೆ ಹೊಂದುವ ಇಂಜಿನ್ ಇಲ್ಲದ ಕಾರು ನಮ್ಮ ಪಟ್ಟಿಯಲ್ಲಿ ಕಾರೇ ಅಲ್ಲ, ತಗಡು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನೀವೇ ವಿಡಿಯೋ ಮಾಡಿಟ್ಟಿದ್ದೀರಿ. ನಲವತ್ತೊಂದನ್ನೂ ಕೂತು ನೋಡಿದೆ. "ಈ ಹಳೆ ಇಂಜಿನ್ ವೇಸ್ಟ್ ಗೈಸ್," ಎನ್ನುತ್ತೀರಿ ಒಂದರಲ್ಲಿ. "ಈಗ ಗಾಡಿಯ ವ್ಯಾಲ್ಯೂ ಡಬಲ್ ಆಯ್ತು. ಬೇಕಾದ್ರೆ ಬರೆದಿಟ್ಕೊಳ್ಳಿ." ಬರೆದಿಟ್ಟುಕೊಂಡಿದ್ದೇನೆ.

ಕಾರನ್ನು ಬದಲಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಿಮ್ಮ ಅಜ್ಜ ಡಾಕ್ಟರ್ ಸಂಜೀವ ಅಡ್ಯಂತಾಯರೂ ಬದಲಿಸಿದ್ದರು. ಶಿರಾಡಿ ಘಾಟಿ ಹತ್ತುವಾಗ ರೇಡಿಯೇಟರ್ ಕುದಿಯುತ್ತದೆಂದು ೧೯೭೧ರಲ್ಲಿ ದೊಡ್ಡ ಫ್ಯಾನು ಹಾಕಿಸಿ, ಬಿಚ್ಚಿದ ಸಣ್ಣ ಫ್ಯಾನನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ, ಕಾರಣವನ್ನೂ ತಾರೀಕನ್ನೂ ಚೀಟಿಯಲ್ಲಿ ಬರೆದು ಒಳಗಿಟ್ಟರು. ಅಂಥದ್ದಕ್ಕೆ ನಾವು ಬೆಲೆ ಏರಿಸುತ್ತೇವೆ. ಅವರಿಗೆ ತಮ್ಮ ನಂತರವೂ ಒಬ್ಬರು ಬರುತ್ತಾರೆಂದು ಗೊತ್ತಿತ್ತು. ನಿಮಗೆ ಕ್ಯಾಮೆರಾದ ಆಚೆ ಯಾರೂ ಕಾಣಲಿಲ್ಲ.

ಮೂಲಪತ್ರ ಕೊಡಲಾಗದೆಂದು ವಾರಿಜರಿಗೆ ಹೇಳಬೇಕಾದವಳು ನಾನೇ. ಹೇಳಿದೆ. ಅವರು ಬಾನೆಟ್ಟಿನ ಮೇಲೆ ಅಂಗೈ ಊರಿದರು.

"ಮಡ್‌ಗಾರ್ಡ್ ನಾನೇ ಬಡಿದು ಕೂರಿಸಿದ್ದು ಮೇಡಂ. ಬೆಸುಗೆ ಕಾಣುದಿಲ್ಲ ಅಲ್ವಾ?"

"ಕಣ್ಣಿಗೆ ಕಾಣುವುದಿಲ್ಲ. ಯಂತ್ರಕ್ಕೆ ಕಾಣುತ್ತದೆ. ಅದನ್ನಾದರೂ ಬಿಡಬಹುದಿತ್ತು. ಮೂಲದ ಇಂಜಿನ್ ಇಲ್ಲವಲ್ಲ."

"ಅದು ಸಿಗುದಿಲ್ಲ. ಭಟ್ಟಿಗೆ ಹೋಗಿ ಕರಗಿದ್ದಂತೆ."

ನಿಮ್ಮ ಬಗ್ಗೆ ಆಗ ನಾನೊಂದು ಒರಟು ಮಾತಾಡಿದೆ. ಅವರಿಗೆ ಹಿಡಿಸಲಿಲ್ಲ. "ಹಾಗೆ ಹೇಳ್ಬೇಡಿ. ಮುತ್ತಜ್ಜನಿಗೆ ಆಗ ಸಣ್ಣ ಪ್ರಾಯ. ಪ್ರೀತಿ ಇತ್ತು, ಬುದ್ಧಿ ಇರಲಿಲ್ಲ, ಅಷ್ಟೆ," ಎಂದರು. ಆಮೇಲೆ ಅಂಗಳದ ಹಿಂದಿನ ಇಳಿಜಾರನ್ನು ನೋಡಿ ಕೇಳಿದರು: "ಇಂಜಿನ್ ಸ್ಟಾರ್ಟ್ ಮಾಡದೆ ಉರುಳಿಸಿದ್ರೆ ಅದು ಓಡಿಸಿದ ಹಾಗೆ ಆಗ್ತದಾ?"

ನಿಯಮದಲ್ಲಿ ಆ ಮಾತೇ ಇಲ್ಲವೆಂದೆ.

"ಹಾಗಾದ್ರೆ ಕೂತ್ಕೊಳ್ಳಿ."

ಮೂವತ್ತೇಳು ವರ್ಷದ ನೌಕರಿಯಲ್ಲಿ ತಿರಸ್ಕರಿಸಿದ ಗಾಡಿಯೊಳಗೆ ನಾನು ಕೂತದ್ದು ಅದೊಂದೇ ಸಲ. ಮಧ್ಯಾಹ್ನದ ಬಿಸಿಲು. ಕಾರು ಸದ್ದಿಲ್ಲದೆ ಉರುಳತೊಡಗಿ ವೇಗ ಹಿಡಿಯಿತು. ವಾರಿಜರ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯುತ್ತಿತ್ತು. ಅವರು ಏನೋ ಹಾಡು ಗುನುಗುತ್ತಿದ್ದರು. ಕೆಳಗಿನ ತಿರುವಿನಲ್ಲಿ ಚಾಲಕರಿಲ್ಲದ ಸರಕಿನ ಬಂಡಿಯೊಂದು ಅಡ್ಡ ಬಂತು. ಇಷ್ಟು ಹಳೆಯ ಕಾರನ್ನು ಗುರುತಿಸಲು ಅದಕ್ಕೆ ಬರುವುದಿಲ್ಲ, ಹಾಗಾಗಿ ಅದು ನಿಲ್ಲಲೇ ಇಲ್ಲ. ವಾರಿಜಾ ಎರಡೂ ಕಾಲಿನಿಂದ ಬ್ರೇಕು ತುಳಿದರು. ನಾವು ಬಂಡಿಗೆ ಒಂದು ಗೇಣು ದೂರದಲ್ಲಿ ನಿಂತೆವು.

ಆ ಬ್ರೇಕು ನೀವು ಹಾಕಿಸಿದ್ದು. ಮೂಲದ್ದನ್ನು ಉಳಿಸಿಲ್ಲವೆಂದು ಅದನ್ನೂ ನಾನು ಆ ಬೆಳಿಗ್ಗೆ ದೋಷಗಳ ಪಟ್ಟಿಯಲ್ಲಿ ಬರೆದಿದ್ದೆ. ಮೂಲದ ಬ್ರೇಕಾಗಿದ್ದರೆ ಇಂದು ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಇದನ್ನು ಒಪ್ಪಿಕೊಳ್ಳುವುದು ನನಗೆ ಇಷ್ಟವಿಲ್ಲ, ಆದರೂ ಪರೀಕ್ಷಕಿ ಕಂಡದ್ದನ್ನು ಬರೆಯಬೇಕು. ಪಟ್ಟಿಯಿಂದ ಅದನ್ನು ಹೊಡೆದು ಹಾಕಲಿಲ್ಲ. ಬ್ರೇಕು ಒಳ್ಳೆಯದೇ, ಬೆಲೆ ಮಾತ್ರ ಅದರಿಂದಲೂ ಇಳಿದಿದೆ. ಎರಡೂ ನಿಜ.

ವಾರಿಜರ ಲೈಸೆನ್ಸು ಕಳೆದ ತಿಂಗಳು ಮುಗಿಯಿತು. ಹಳೆದಾರಿಗೆ ಅವರು ಹೋಗಲೇ ಇಲ್ಲ. ಕಾರನ್ನು ಮಾರಿಯೂ ಇಲ್ಲ. ಭಾನುವಾರ ಹೊರಗೆ ತಳ್ಳಿಸಿ ಒರೆಸುತ್ತಾರೆ.

ಈಗ ನಿಮ್ಮ ಕೆಲಸ. ಈ ಕಾಗದ ನಿಮಗೆ ಇಂಜಿನ್ ಕಿತ್ತ ವಾರದ ಮಂಗಳವಾರ ಸಿಗುತ್ತದೆ. ಇಂಜಿನ್ ಇನ್ನೂ ನಿಮ್ಮ ಶೆಡ್ಡಿನಲ್ಲೇ ಬಿದ್ದಿದೆ. ನಿಮ್ಮ ವಿಡಿಯೋದ ಪ್ರಕಾರ ಗುಜರಿಯವರು ಬರುವುದು ಗುರುವಾರ. ಬರಬೇಡಿ ಎಂದು ಅವರಿಗೆ ಫೋನ್ ಮಾಡಿ. ಕೊಯ್ದದ್ದನ್ನು ಮತ್ತೆ ಕೂಡಿಸುವಷ್ಟು ಬುದ್ಧಿ ನಿಮ್ಮಿಂದ ನಾನು ಬಯಸುವುದಿಲ್ಲ. ಆ ಕಬ್ಬಿಣಕ್ಕೆ ಎಣ್ಣೆ ಹಚ್ಚಿ ಮೂಲೆಗೆ ತಳ್ಳಿ, ಅಷ್ಟು ಸಾಕು. ಮುಂದಿನದನ್ನು ನಿಮಗಿಂತ ಬಲ್ಲವರು ನೋಡಿಕೊಳ್ಳುತ್ತಾರೆ. ಇದರ ಬಗ್ಗೆ ವಿಡಿಯೋ ಮಾಡಬೇಡಿ.

ಸುನೀತಿ ಕೊಟ್ಟಾರಿ